ಒಂದು ಕಣ್ಣು ಮುಚ್ಚುವ ವಿದ್ಯೆ

ಇತ್ತೀಚೆಗೆ ನಾನು ಗಮನಿಸಿದ ಒಂದು ಸಂಗತಿಯೆಂದರೆ, ಫೋಟೋ ತೆಗೆಯುವಾಗ ಒಂದು ಕಣ್ಣು ಮುಚ್ಚುವುದನ್ನು ಜನ ಬಿಟ್ಟೇಬಿಟ್ಟಿದ್ದಾರೆ. ಮೆಟ್ರೋ ನಿಲ್ದಾಣದಲ್ಲಿ, ಮದುವೆಯ ಊಟದ ಸಾಲಿನಲ್ಲಿ, ಪಾನಿಪೂರಿಯ ಗಾಡಿಯ ಮುಂದೆ, ಎಲ್ಲಿ ನೋಡಿದರಲ್ಲಿ ಎರಡೂ ಕಣ್ಣನ್ನು ಅಗಲವಾಗಿ ತೆರೆದು, ಆರತಿತಟ್ಟೆ ಹಿಡಿದವರ ಹಾಗೆ ಫೋನನ್ನು ಮುಂದಕ್ಕೆ ಚಾಚಿ ನಿಂತಿರುತ್ತಾರೆ. ನಮ್ಮ ಕಾಲದಲ್ಲಿ ಹಾಗಿರಲಿಲ್ಲ. ‘ನಮ್ಮ ಕಾಲದಲ್ಲಿ’ ಎಂದು ನಾನು ಬಾಯಿ ತೆರೆದರೆ ಸಾಕು, ನನ್ನ ಮೊಮ್ಮಕ್ಕಳಿಬ್ಬರೂ ತಟ್ಟನೆ ಬಾತ್‌ರೂಮಿಗೆ ಹೋಗುವ ನೆಪ ಹುಡುಕುತ್ತಾರೆ. ನೀವು ಅಷ್ಟು ನಿಷ್ಕರುಣಿಗಳಲ್ಲವೆಂಬ ನಂಬಿಕೆಯಿಂದ ಹೇಳುತ್ತೇನೆ. ನಮ್ಮ ಕಾಲದಲ್ಲಿ ಒಂದು ಕಣ್ಣು ಮುಚ್ಚಿದರೇನೇ ಇನ್ನೊಂದು ಕಣ್ಣಿಗೆ ಚಿತ್ರ ದಕ್ಕುತ್ತಿತ್ತು. ಜಗತ್ತನ್ನು ಅರ್ಧ ನಿರಾಕರಿಸಿ ಉಳಿದರ್ಧವನ್ನು ಏಕಾಗ್ರವಾಗಿ ನೋಡುವ ಆ ಭಂಗಿಯಲ್ಲಿ ಒಂದು ಬಗೆಯ ಯೋಗಮುದ್ರೆಯೇ ಇತ್ತೆಂದು ನಾನು ವಾದಿಸಬಲ್ಲೆ, ಯಾರಾದರೂ ಕೂತು ಕೇಳುವುದಾದರೆ.

ಈ ವಿದ್ಯೆ ನನಗೆ ಸುಲಭವಾಗಿ ಒಲಿದದ್ದಲ್ಲ. ಎಡಗಣ್ಣನ್ನು ಮುಚ್ಚಿ ಬಲಗಣ್ಣನ್ನು ತೆರೆದಿಡುವುದು ಹೇಗೋ ಬಂತು. ಬಲಗಣ್ಣನ್ನು ಮುಚ್ಚಲು ಹೋದರೆ ಮಾತ್ರ ಎರಡೂ ಒಟ್ಟಿಗೇ ಮುಚ್ಚಿಕೊಳ್ಳುತ್ತವೆ, ಇವತ್ತಿಗೂ. ಮದುವೆಯಾಗಿ ಚಿತ್ರದುರ್ಗದಿಂದ ದಿಲ್ಲಿಗೆ ಬಂದ ಹೊಸದರಲ್ಲಿ, ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ನಿಂತು ನಾನು ಈ ಏಕಾಕ್ಷ ಸಾಧನೆಯನ್ನು ನಿಷ್ಠೆಯಿಂದ ಮಾಡುತ್ತಿದ್ದೆ. ಎದುರು ಬ್ಲಾಕಿನ ಪಂಜಾಬಿ ಗೃಹಸ್ಥರೊಬ್ಬರು ಅದೇ ಹೊತ್ತಿಗೆ ತಮ್ಮ ಬಾಲ್ಕನಿಯಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದರೆಂಬುದು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಅವರ ಶ್ರೀಮತಿಯವರ ಲಕ್ಷ್ಯಕ್ಕೆ ಬಂತು. ಆಕೆ ಒಂದು ಸಂಜೆ ನಮ್ಮ ಮನೆಗೆ ಬಂದು, ಚಹಾ ಕುಡಿದು, ಕಣ್ಣಿನ ರೋಗಕ್ಕೆ ಒಳ್ಳೆಯ ಡಾಕ್ಟರೊಬ್ಬರಿದ್ದಾರೆ ಎಂದು ಬಹಳ ಮೃದುವಾಗಿ ತಿಳಿಸಿ ಹೋದರು. ನಮ್ಮ ಯಜಮಾನರು ಆ ರಾತ್ರಿ ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಅಷ್ಟಕ್ಕೂ ಕ್ಯಾಮೆರಾ ನಮ್ಮ ಮನೆಗೆ ಬಂದದ್ದು ನನ್ನ ಹಟದಿಂದ. ನಾನು ಕೆಲಸ ಮಾಡುತ್ತಿದ್ದ ಸಚಿವಾಲಯದ ಮೇಲಧಿಕಾರಿಯೊಬ್ಬರು ವಿದೇಶದ ಪೋಸ್ಟಿಂಗಿನಿಂದ ಹಿಂದಿರುಗುವಾಗ ಹೊಸದೊಂದನ್ನು ತಂದು, ಹಳೆಯ ಜಪಾನಿ ಕ್ಯಾಮೆರಾವನ್ನು ಮಾರುವವರಿದ್ದರು. ಫ್ರಿಜ್ ಕೊಳ್ಳಲು ಕೂಡಿಟ್ಟದ್ದು ಹೀಗೆ ಕ್ಯಾಮೆರಾ ಆಯಿತು. ಎರಡು ಬೇಸಿಗೆ ಮಡಕೆಯ ನೀರನ್ನೇ ಕುಡಿದ ನಮ್ಮವರು ಒಂದು ಮಾತೂ ಆಡಲಿಲ್ಲ. ಆದರೆ ಆ ಕ್ಯಾಮೆರಾದ ಮುಂದೆ ನಿಂತಾಗಲೆಲ್ಲ ರಾಷ್ಟ್ರಗೀತೆಗೆ ನಿಂತವರ ಹಾಗೆ ಸೆಟೆದು ನಿಂತು ತಮ್ಮ ಸೇಡು ತೀರಿಸಿಕೊಂಡರು. ನಮ್ಮ ಆಲ್ಬಮ್ಮುಗಳಲ್ಲಿ ಅವರು ಕುತುಬ್ ಮಿನಾರಿನ ಪಕ್ಕದಲ್ಲಿ ನಿಂತ ಚಿತ್ರವಿದೆ. ಎರಡರಲ್ಲಿ ಹೆಚ್ಚು ನೆಟ್ಟಗಿರುವುದು ಯಾವುದೆಂದು ಹೇಳುವುದು ಕಷ್ಟ.

ಒಂದು ರೋಲು ತಂದರೆ ಅದು ನಮ್ಮ ಮನೆಯಲ್ಲಿ ವರ್ಷಪೂರ್ತಿ ಬಾಳುತ್ತಿತ್ತು. ಅದರ ಮೊದಲ ಚಿತ್ರದಲ್ಲಿ ಯುಗಾದಿಯ ಹೋಳಿಗೆ, ನಡುವೆಲ್ಲೋ ಮಗಳು ವಿದ್ಯಾಳ ಹೊಸ ಸಮವಸ್ತ್ರ, ಕೊನೆಯಲ್ಲಿ ಉಣ್ಣೆಯ ಟೋಪಿಯೊಳಗೆ ಮೂಗಷ್ಟೇ ಕಾಣುವ ಜನವರಿಯ ನಾವು. ಒಂದು ಗುಂಡಿ ಒತ್ತುವ ಮುಂಚೆ ಎಷ್ಟೆಲ್ಲ ವಿಚಾರವಿನಿಮಯ! ಬಿಸಿಲು ಯಾವ ಕಡೆಯಿದೆ, ಸೆರಗು ಸರಿಯಿದೆಯೇ, ಪಕ್ಕದ ಮನೆಯ ಬನಿಯನ್ನು ಹಿಂದೆ ಒಣಗುತ್ತಿದೆಯೇ, ಇದು ಫೋಟೋ ತೆಗೆಯುವಷ್ಟು ದೊಡ್ಡ ಸಂದರ್ಭವೇ. ಆಮೇಲೆ ಮಾರ್ಕೆಟ್ಟಿನ ಸ್ಟುಡಿಯೋದಲ್ಲಿ ಕೊಟ್ಟು, ಚೀಟಿ ಪಡೆದು, ದಿನ ಎಣಿಸುತ್ತ ಕಾಯಬೇಕು. ಲಕೋಟೆ ಕೈಗೆ ಬಂದ ಸಂಜೆ ಮನೆಯವರೆಲ್ಲ ಮಂಚದ ಮೇಲೆ ತಲೆಗೆ ತಲೆ ತಾಗಿಸಿ ಕೂತು, ನಾವು ಮರೆತೇಬಿಟ್ಟಿದ್ದ ಯುಗಾದಿಯನ್ನು ಚಳಿಯಲ್ಲಿ ಮತ್ತೊಮ್ಮೆ ಆಚರಿಸುತ್ತಿದ್ದೆವು. ಅದರಲ್ಲಿ ಒಳ್ಳೆಯವನ್ನು ಆರಿಸಿ, ಬೆನ್ನ ಮೇಲೆ ಹೆಸರು ಬರೆದು, ಅಮ್ಮನಿಗೆ ಚಿತ್ರದುರ್ಗಕ್ಕೆ ಅಂಚೆಯಲ್ಲಿ ಕಳಿಸುವುದು ನನ್ನ ಕೆಲಸ. ಅಮ್ಮ ಆ ಫೋಟೋಗಳನ್ನು ಕಿಟಕಿಯ ಹತ್ತಿರ ಕೊಂಡೊಯ್ದು ನೋಡುತ್ತಾಳೆಂದು ತಮ್ಮ ಬರೆಯುತ್ತಿದ್ದ. ಅಮ್ಮನ ಕಣ್ಣಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಾಲಾಂತರದಲ್ಲಿ ಡಿಜಿಟಲ್ ಬಂತು, ಫೋನು ಬಂತು, ನಿವೃತ್ತಿಯೂ ಬಂತು. ಕ್ವಾರ್ಟರ್ಸ್ ಬಿಟ್ಟು ನಾವು ಘಾಜಿಯಾಬಾದಿನ ಏಳನೆಯ ಮಹಡಿಯ ಫ್ಲ್ಯಾಟಿಗೆ ಬಂದಾಗ ಕ್ಯಾಮೆರಾ ರಜಾಯಿಗಳ ಟ್ರಂಕಿನಲ್ಲಿ ಡಾಂಬರುಗುಳಿಗೆಯ ವಾಸನೆ ಹೀರುತ್ತ ಬಂತು. ಅದರೊಂದಿಗೆ ನನ್ನ ಫೋಟೋಗ್ರಾಫರ್ ಪದವಿಯೂ ಟ್ರಂಕಿಗೆ ಬಿತ್ತು. ಮನೆಯ ಸಮಾರಂಭಗಳಲ್ಲಿ ನಾನು ಚಿತ್ರ ತೆಗೆಯುವವಳಾಗಿದ್ದದ್ದು ಹೋಗಿ, ‘ಅಜ್ಜೀ, ಸ್ವಲ್ಪ ಲೆಫ್ಟಿಗೆ’ ಎಂದು ಸರಿಸಲ್ಪಡುವವಳಾದೆ.

ಹೀಗಿರಲು ಕಳೆದ ಡಿಸೆಂಬರಿನಲ್ಲಿ, ಹೌಜ್ ಖಾಸಿನಲ್ಲಿರುವ ಮಗಳ ಮಕ್ಕಳಿಬ್ಬರೂ ಚಳಿಗಾಲದ ರಜೆಗೆಂದು ನಮ್ಮಲ್ಲಿಗೆ ಬಂದರು. ದೊಡ್ಡವಳು ಮೈತ್ರಿ ಕಾಲೇಜಿನ ಮೊದಲ ವರ್ಷದವಳು. ಚಿಕ್ಕವನು ಚಿನ್ಮಯ, ಆರನೆಯ ಕ್ಲಾಸು, ಇಡೀ ದಿನ ಪ್ರಶ್ನೆ ಕೇಳುವುದೇ ಅವನ ವೃತ್ತಿ. ಕನ್ನಡ ಇಬ್ಬರಿಗೂ ಅರ್ಥವಾಗುತ್ತದೆ, ಆಡುವಾಗ ಮಾತ್ರ ಮಧ್ಯದಲ್ಲಿ ಗಾಡಿ ಬದಲಾಯಿಸುತ್ತಾರೆ. ಬಂದವಳೇ ಮೈತ್ರಿ ನನ್ನ ಕುತ್ತಿಗೆಗೆ ಜೋತುಬಿದ್ದಳು.

“ಅಜ್ಜೀ, ನಿಮ್ಹತ್ರ ರಿಯಲ್ ಫಿಲ್ಮ್ ಕ್ಯಾಮೆರಾ ಇದೆ ಅಂತ ಮಮ್ಮಿ ಹೇಳಿದ್ಲು. ಸಚ್ಚೀ? ನನ್ನ ಫ್ರೆಂಡ್ಸ್ ಎಲ್ಲ ಅದಕ್ಕೆ ಪಾಗಲ್ ಆಗಿದಾರೆ. ಪ್ಲೀಸ್ ದಿಖಾವೋ ನಾ!”

ನಾವು ಬೇಡವೆಂದು ಬಿಸುಟದ್ದೆಲ್ಲ ಇವರಿಗೆ ಫ್ಯಾಷನ್ ಆಗಿ ಮರಳುತ್ತದೆಂದು ಕೇಳಿದ್ದೆ, ನನ್ನ ಕ್ಯಾಮೆರಾಕ್ಕೂ ಆ ಭಾಗ್ಯವಿದೆಯೆಂದು ಗೊತ್ತಿರಲಿಲ್ಲ. ಟ್ರಂಕು ತೆರೆದು ಅದನ್ನು ಕೈಗಿತ್ತಾಗ ಆ ಹುಡುಗಿ “ಎಷ್ಟು ಭಾರ ಇದೆ ಯಾರ್!” ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡ ರೀತಿ ನೋಡಿ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಚಾಂದನಿ ಚೌಕದ ಕ್ಯಾಮೆರಾ ಗಲ್ಲಿಯಿಂದ ರೋಲು ಬಂತು. ಅದರ ಬೆಲೆ ಕೇಳಿ ನಮ್ಮವರು ಪತ್ರಿಕೆಯ ಹಿಂದೆ ಅಡಗಿಕೊಂಡರು. ನಾನು ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ, ಫಿಲ್ಮಿನ ನಾಲಿಗೆಯನ್ನು ಹಲ್ಲುಚಕ್ರಕ್ಕೆ ಹೇಗೆ ಸಿಕ್ಕಿಸಬೇಕು, ಬೆನ್ನಿನ ಬಾಗಿಲನ್ನು ಯಾಕೆ ತೆರೆಯಲೇಬಾರದು ಎಂಬುದನ್ನೆಲ್ಲ ಬೆರಳಿನ ಅಭ್ಯಾಸಬಲದಿಂದ ಕಲಿಸಿದೆ. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಚಿನ್ಮಯ ಮೊದಲ ಚಿತ್ರ ತೆಗೆದವನೇ ಕ್ಯಾಮೆರಾ ತಿರುಗಿಸಿ ಅದರ ಕಪ್ಪು ಬೆನ್ನನ್ನು ನೋಡಿದ.

“ಫೋಟೋ ಎಲ್ಲಿದೆ?”

“ಒಳಗಿದೆ.”

“ಕಬ್ ಆಯೇಗಾ?”

“ರೋಲು ಮುಗಿದ ಮೇಲೆ.”

“ಚೆನ್ನಾಗಿಲ್ಲ ಅಂದ್ರೆ ಡಿಲೀಟ್ ಹೇಗೆ ಮಾಡೋದು?”

“ಮಾಡಕ್ಕಾಗಲ್ಲ ಕಣೋ. ಅದಕ್ಕೇ ಮೊದಲು ನೋಡಬೇಕು, ಆಮೇಲೆ ಒತ್ತಬೇಕು.”

ಅವನು ನನ್ನನ್ನು ಅಪಾರ ಕರುಣೆಯಿಂದ ನೋಡಿದ.

ಇನ್ನು ಫೋಕಸ್ಸಿನ ಪಾಠ. ಆ ಕ್ಯಾಮೆರಾದ ಕಿಂಡಿಯಲ್ಲಿ ನೋಡಿದರೆ ನಟ್ಟನಡುವೆ ಒಂದು ಪುಟ್ಟ ವೃತ್ತ, ಅದನ್ನು ಅಡ್ಡಲಾಗಿ ಸೀಳುವ ಒಂದು ಗೆರೆ. ಎದುರಿಗಿರುವ ಮುಖ ಆ ವೃತ್ತದಲ್ಲಿ ಎರಡು ತುಂಡಾಗಿರುತ್ತದೆ. ಹಣೆ ಒಂದು ಕಡೆ, ಗಲ್ಲ ಇನ್ನೊಂದು ಕಡೆ. ಲೆನ್ಸಿನ ಬಳೆಯನ್ನು ಮೆಲ್ಲನೆ ತಿರುಗಿಸುತ್ತ ಹೋದರೆ ಎರಡು ತುಂಡೂ ಜರುಗಿ ಜರುಗಿ ಒಂದು ಕ್ಷಣದಲ್ಲಿ ಕೂಡಿಕೊಂಡು ಅಖಂಡ ಮನುಷ್ಯನಾಗುತ್ತವೆ. ಆ ಕೂಡುವ ಕ್ಷಣದ ಸುಖವನ್ನು ಬಲ್ಲವರೇ ಬಲ್ಲರು. ಮೈತ್ರಿ ಅದನ್ನು ಮೊದಲ ಸಲ ಕಂಡಾಗ “ಓಹ್!” ಎಂದು ಉಸಿರು ಬಿಟ್ಟಳು. ಆಮೇಲೆ ಕ್ಯಾಮೆರಾ ನನ್ನ ಕೈಗೆ ಬಂತು. ನಾನು ಎಡಗಣ್ಣು ಮುಚ್ಚಿ, ಬಲಗಣ್ಣು ಕಿಂಡಿಗಿಟ್ಟು, ಮೇಜಿನಾಚೆ ಕೂತಿದ್ದ ನಮ್ಮವರ ಮೇಲೆ ಗುರಿಯಿಟ್ಟು ಬಳೆ ತಿರುಗಿಸಿದೆ. ಹಾಲಿನ ಕೆನೆಯೊಳಗಿಂದ ನೋಡಿದಂತೆ ಏನೋ ಕಂಡಿತು. ವೃತ್ತವೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಅಂದಾಜಿನ ಮೇಲೆ ಬಳೆಯನ್ನು ಒಂದು ಕಡೆ ನಿಲ್ಲಿಸಿ, ಗುಂಡಿ ಒತ್ತಿ, “ಹೀಗೆ” ಎಂದೆ. ಕ್ಯಾಮೆರಾವನ್ನು ತಟ್ಟನೆ ಮೈತ್ರಿಯ ಕೈಗೆ ದಾಟಿಸಿದೆ.

ಇಲ್ಲಿ ನೀವು ದಿಲ್ಲಿಯವರಲ್ಲದಿದ್ದರೆ ಒಂದು ಮಾತನ್ನು ವಿವರಿಸಬೇಕು. ಬೇರೆ ಊರಿನವರಿಗೆ ಕಣ್ಣು ಮಂಜಾದರೆ ಕಣ್ಣು ಮಂಜಾಯಿತೆಂದು ತಿಳಿಯುತ್ತದೆ. ನಮಗೆ ಆ ಸೌಲಭ್ಯವಿಲ್ಲ. ದೀಪಾವಳಿ ಕಳೆದದ್ದೇ ತಡ, ಹೊಗೆ ಧೂಳು ಕಾವಳ ಮೂರೂ ಕಲಸಿ ಊರಿನ ಮೇಲೆ ಬೂದುಬಣ್ಣದ ಕಂಬಳಿ ಹೊದೆಸಿರುತ್ತದೆ. ನಮ್ಮ ಏಳನೆಯ ಮಹಡಿಯಿಂದ ಎದುರಿನ ಟವರೇ ಕಾಣುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕವರೆಲ್ಲ “ಆಜ್ ತೋ ಕುಛ್ ದಿಖ್ ನಹೀ ರಹಾ” ಎನ್ನುತ್ತಾರೆ, ಇವತ್ತೇನೂ ಕಾಣುತ್ತಲೇ ಇಲ್ಲ ಎಂದು. ನಾನೂ “ಹಾಂ ಜೀ” ಎನ್ನುತ್ತೇನೆ. ಎರಡು ಚಳಿಗಾಲಗಳಿಂದ ನಾನು ಹೀಗೇ ‘ಹಾಂ ಜೀ’ ಎನ್ನುತ್ತ ಬಂದಿದ್ದೆ. ಬಸ್ಸಿನ ನಂಬರು ಕಾಣದಿದ್ದರೆ ಹೊಗೆ, ರಸ್ತೆಯ ದೀಪಕ್ಕೆ ಪ್ರಭಾವಳಿ ಬಂದರೆ ಕಾವಳ, ಸಾರಿಗೆ ಎರಡು ಸಲ ಉಪ್ಪು ಬಿದ್ದರೆ ವಯಸ್ಸು. ಇಡೀ ರಾಜಧಾನಿಯೇ ನನ್ನ ಪರವಾಗಿ ಸಾಕ್ಷಿ ಹೇಳುತ್ತಿರುವಾಗ ನನ್ನ ಕಣ್ಣಿನ ಮೇಲೆ ಅಪವಾದ ಹೊರಿಸುವ ಅಗತ್ಯವೇನಿತ್ತು? ನಮ್ಮವರು ಒಮ್ಮೆ ಕನ್ನಡಕ ಬದಲಾಯಿಸು ಎಂದಾಗ, ಮೊದಲು ಸರ್ಕಾರ ಗಾಳಿ ಬದಲಾಯಿಸಲಿ ಎಂದು ಬಾಯಿ ಮುಚ್ಚಿಸಿದ್ದೆ.

ರಜೆ ಮುಗಿದ ಮೇಲೂ ಪಾಠ ಮುಂದುವರಿಯಿತು. ಭಾನುವಾರಗಳಂದು ನಾವಿಬ್ಬರು ಮೆಟ್ರೋ ಹತ್ತಿ ಹೌಜ್ ಖಾಸಿಗೆ ಹೋಗುವುದು, ಮಕ್ಕಳೊಂದಿಗೆ ಅಲ್ಲಿಯ ಕೆರೆಯ ದಂಡೆಯ ಹಳೆಯ ಕಲ್ಲುಕಟ್ಟಡಗಳ ನಡುವೆ ಅಲೆಯುವುದು, ಕಡಲೆಕಾಯಿ ಸುಲಿಯುತ್ತ ಬಿಸಿಲಿಗೆ ಕೂರುವುದು. ಒಂದು ಚಿತ್ರ ಮೈತ್ರಿ, ಒಂದು ಚಿತ್ರ ಚಿನ್ಮಯ, ಒಂದು ಚಿತ್ರ ನಾನು ಎಂಬ ಪಾಳಿ. ಮೈತ್ರಿ ಕಮಾನಿನ ಕೆಳಗಿನ ಬೆಕ್ಕಿಗಾಗಿ ಇಡೀ ಅರ್ಧ ಗಂಟೆ ಕಾದಳು. ಫೋನಿನಲ್ಲಾದರೆ ಅಷ್ಟು ಹೊತ್ತಿಗೆ ಇನ್ನೂರು ಬೆಕ್ಕು ತೆಗೆದಿರುತ್ತಿದ್ದೆ ಎಂದು ಅವಳೇ ನಕ್ಕಳು. ನನ್ನ ಪಾಳಿ ಬಂದಾಗ ನಾನು ಮಾತ್ರ ಬಹಳ ಬೇಗ ಮುಗಿಸಿಬಿಡುತ್ತಿದ್ದೆ. ಎದುರಿಗಿರುವವರ ದೂರವನ್ನು ಮನಸ್ಸಿನಲ್ಲೇ ಅಳೆದು, ಬಳೆಯ ಮೇಲಿನ ಅಂಕಿಗಳನ್ನು ಬೆರಳಿನಿಂದ ಊಹಿಸಿ ಒತ್ತುವುದು. ನನ್ನ ವೇಗ ಕಂಡು ಮಕ್ಕಳು ಬೆರಗಾದರು. “ಅಜ್ಜಿ ಇಸ್ ಎ ಪ್ರೋ” ಎಂದ ಚಿನ್ಮಯ. ಮಕ್ಕಳ ತಾತ, ಅಂದರೆ ನಮ್ಮವರು, ಗಂಟಲು ಸರಿಮಾಡಿಕೊಂಡರು.

ಫೆಬ್ರವರಿ ಕಳೆಯಿತು. ಗಾಳಿ ತಿರುಗಿತು, ಬೂರುಗದ ಮರಗಳು ಕೆಂಪಾದವು. ಒಂದು ಬೆಳಿಗ್ಗೆ ಮಳೆ ಬಂದು ಬಿಟ್ಟಿತ್ತು. ಲಿಫ್ಟಿನಲ್ಲಿ ಹತ್ತಿದ ನೆರೆಯಾಕೆ “ಆಜ್ ಕಿತನಾ ಸಾಫ್ ಹೈ ಆಂಟೀ ಜೀ” ಎಂದು, ಎಷ್ಟು ದೂರದವರೆಗೂ ಕಾಣುತ್ತಿದೆ ನೋಡಿ ಎಂಬರ್ಥದಲ್ಲಿ ಸಂಭ್ರಮಪಟ್ಟಳು. ನಾನು ಮನೆಗೆ ಬಂದು ಬಾಲ್ಕನಿಯಲ್ಲಿ ನಿಂತೆ. ಎದುರಿನ ಟವರು ಕೆನೆಯೊಳಗೇ ಇತ್ತು. ಮಂಜು ಊರಿನಿಂದ ಹೊರಟುಹೋಗಿತ್ತು, ನನ್ನಿಂದ ಹೋಗಿರಲಿಲ್ಲ. ಒಳಗೆ ಬಂದು ಅಕ್ಕಿ ಆರಿಸುವ ನೆವದಲ್ಲಿ ಬಹಳ ಹೊತ್ತು ಕೂತಿದ್ದೆ.

ಅಮ್ಮನ ವಿಷಯವನ್ನು ಈಗ ಹೇಳಬೇಕು. ಅಮ್ಮನಿಗೂ ಕಣ್ಣಿಗೆ ಪೊರೆ ಬಂದಿತ್ತು. ಆಗಿನ ಕಾಲದ ಯಾವುದೋ ಶಿಬಿರದಲ್ಲಿ ಆಪರೇಷನ್ ಆಯಿತು; ಕಟ್ಟು ಬಿಚ್ಚಿದಾಗ ಆ ಕಣ್ಣಿಗೆ ಬೆಳಕು ಮರಳಲಿಲ್ಲ. ಇನ್ನೊಂದನ್ನು ಮುಟ್ಟಲು ಅವಳು ಯಾರಿಗೂ ಬಿಡಲಿಲ್ಲ. ನಾನು ಕಳಿಸುತ್ತಿದ್ದ ಫೋಟೋಗಳನ್ನು ಕೊನೆಕೊನೆಗೆ ಅವಳು ಕಿಟಕಿಗೆ ಒಯ್ಯುವುದನ್ನೂ ಬಿಟ್ಟು, ತಮ್ಮನ ಕೈಗೆ ಕೊಟ್ಟು, ‘ಏನಿದೆ ಹೇಳು’ ಎನ್ನುತ್ತಿದ್ದಳಂತೆ. ಈಗ ಕಾಲ ಬದಲಾಗಿದೆ, ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ ಎಂಬುದನ್ನೆಲ್ಲ ನಾನೇ ಬೇರೆಯವರಿಗೆ ಹೇಳಿ ಧೈರ್ಯ ತುಂಬಿದ್ದೇನೆ. ನನ್ನ ಕಣ್ಣಿನ ಮಾತು ಬಂದಾಗ ಮಾತ್ರ ನನಗೆ ಭಯ, ಮಗುವಿನಂಥ ಶುದ್ಧ ಭಯ. ಉಳಿದಿರುವ ಇಷ್ಟು ಬೆಳಕೂ ಹೋಗಿಬಿಟ್ಟರೆ? ಅದಕ್ಕಿಂತ ಕೆನೆಯೇ ಮೇಲು ಎನಿಸಿತ್ತು. ಹಾಗಾಗಿ ಯಾರಿಗೂ ಬಾಯಿಬಿಡಲಿಲ್ಲ.

ಅಷ್ಟರಲ್ಲಿ ರೋಲು ಮುಗಿಯಿತು. ಈಗಿನ ಲ್ಯಾಬಿನವರು ಫಿಲ್ಮು ತೊಳೆದು ಚಿತ್ರಗಳನ್ನು ಫೋನಿಗೇ ಕಳಿಸುತ್ತಾರಂತೆ. ಇಷ್ಟೆಲ್ಲ ತಪಸ್ಸು ಮಾಡಿ ಮತ್ತೆ ಫೋನಿಗೇ ಬರುವುದಾದರೆ ಏನು ಪುರುಷಾರ್ಥ ಎಂದು ಗೊಣಗಿ, ಕಾಗದದ ಮೇಲೂ ಹಾಕಿಸಿದೆ. ಮಗಳ ಮನೆಯಲ್ಲಿ ಲಕೋಟೆ ಒಡೆದರು. ಹಳೆಯ ಕಾಲದ ಹಾಗೆಯೇ ತಲೆಗೆ ತಲೆ ತಾಗಿಸಿ ಕೂತರು. ಹತ್ತಿರ ಹಿಡಿದದ್ದು ನನಗಿನ್ನೂ ಕಾಣುತ್ತದೆ, ಕಷ್ಟವೆಲ್ಲ ದೂರದ್ದು. ಒಂದೊಂದೇ ಚಿತ್ರವನ್ನು ಮೂಗಿನ ತುದಿಗೆ ತಂದು ನೋಡುತ್ತ ಹೋದೆ. ಮೈತ್ರಿಯ ಬೆಕ್ಕಿನ ಮೀಸೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಚಿನ್ಮಯನದು ಸೊಟ್ಟಗಿದ್ದರೂ ನಿಚ್ಚಳವಾಗಿತ್ತು. ನಾನು ತೆಗೆದವೆಲ್ಲ, ಒಂದೂ ಬಿಡದೆ, ನೀರಿನೊಳಗೆ ಅದ್ದಿ ತೆಗೆದಂತಿದ್ದವು. ಕಲ್ಲುಕಮಾನಿನ ಕೆಳಗೆ ತಾತ ಒಂದು ಕಂದು ಮೋಡವಾಗಿ ನಿಂತಿದ್ದರು, ಆ ಮೋಡ ಮಾತ್ರ ಬಹಳ ನೆಟ್ಟಗಿತ್ತು. ಇನ್ನೇನು ಗುಟ್ಟು ರಟ್ಟಾಯಿತೆಂದು ಸೆರಗು ಹಿಡಿದು ಕೂತೆ.

“ಓ ಮೈ ಗಾಡ್, ಅಜ್ಜೀ!” ಮೈತ್ರಿ ನನ್ನ ಮೋಡವನ್ನು ಎತ್ತಿ ಹಿಡಿದಳು. “ಇದು ಎಷ್ಟು ಏಸ್ಥೆಟಿಕ್ ಇದೆ! ನೋಡು ಚಿನ್ನೂ, ಕಿತನಾ ಡ್ರೀಮಿ!”

ನಾನು ನೆಟ್ಟಗೆ ಕೂತೆ.

ಈಗಿನ ಮಕ್ಕಳು ಫೋನಿನ ನಿಚ್ಚಳಕ್ಕೆ ಬೇಸತ್ತಿದ್ದಾರೆ. ಮಸುಕನ್ನು ಬೇಕೆಂದೇ ತರಿಸಿಕೊಳ್ಳಲು ಫೋನಿನಲ್ಲಿ ಬೇರೆ ಏರ್ಪಾಡೇ ಇದೆಯಂತೆ. ನಾನು ಅದನ್ನು ನೈಸರ್ಗಿಕವಾಗಿ ಸಾಧಿಸಿದ್ದೆ. ಆ ಸಂಜೆಯೇ ನನ್ನ ಮೋಡ ಅವಳ ಗೆಳತಿಯರ ಫೋನುಗಳಿಗೆ ಹೋಯಿತು, ಅಲ್ಲಿಂದ ಹೃದಯಚಿಹ್ನೆಗಳು ರಾಶಿರಾಶಿಯಾಗಿ ಹಿಂದಿರುಗಿದವು. ನಲವತ್ತು ವರ್ಷ ಕಷ್ಟಪಟ್ಟು ಫೋಕಸ್ ಮಾಡಿದಾಗ ಯಾರೂ ನನ್ನನ್ನು ಕಲಾವಿದೆ ಎಂದಿರಲಿಲ್ಲ. ಮಾರನೆಯ ವಾರ ಇನ್ನೊಂದು ಸುದ್ದಿ ಬಂತು: ಕಾಲೇಜಿನ ಫೋಟೋ ಸಂಘದವರು ನನ್ನ ಚಿತ್ರಗಳನ್ನು ದೊಡ್ಡದಾಗಿ ಹಾಕಿಸಿ ಗೋಡೆಗೆ ತೂಗುತ್ತಾರೆ, ಅಜ್ಜಿ ಬಂದು ತಮ್ಮ ಶೈಲಿಯ ಬಗ್ಗೆ ಎರಡು ಮಾತಾಡಬೇಕು. ಶೈಲಿ! ಶಿವನೇ, ಒಂದು ಪೊರೆಗೆ ಎಂಥ ಮರ್ಯಾದೆ! ನಿಜ ಹೇಳುತ್ತೇನೆ, ನಾನು ಎರಡು ದಿನ ಉಬ್ಬಿಹೋಗಿದ್ದೆ. ಕನ್ನಡಿಯ ಮುಂದೆ ಭಾಷಣದ ಮೊದಲ ಸಾಲನ್ನೂ ಆಡಿ ನೋಡಿದೆ. ಕನ್ನಡಿಯಲ್ಲಿ ನಾನೂ ಡ್ರೀಮಿಯಾಗಿಯೇ ಕಂಡೆ.

ಇದನ್ನೆಲ್ಲ ಕೆಡಿಸಿದ್ದು ಚಿನ್ಮಯನ ವೃತ್ತಿಧರ್ಮ. ಅವನು ಚಿತ್ರಗಳನ್ನು ಚಾಪೆಯ ಮೇಲೆ ಎರಡು ಸಾಲು ಜೋಡಿಸಿ, “ದೀದೀ, ಕ್ಯಾಮೆರಾ ಸೇಮ್, ರೋಲ್ ಸೇಮ್. ಅಜ್ಜೀದು ಎಲ್ಲಾ ಬ್ಲರ್ ಇದೆ, ನಮ್ದು ಒಂದೂ ಬ್ಲರ್ ಇಲ್ಲ. ಐಸಾ ಕ್ಯೂಂ?” ಎಂದು ಕೇಳಿದ.

“ಅದು ಸ್ಟೈಲ್ ಕಣೋ” ಎಂದಳು ಮೈತ್ರಿ. ಹೇಳಿ, ಎರಡೂ ಸಾಲುಗಳನ್ನು ಮತ್ತೊಮ್ಮೆ ಬಗ್ಗಿ ನೋಡಿದಳು. ನನ್ನ ಕಡೆ ಒಮ್ಮೆ ನೋಡಿದ್ದು ನನಗೆ ತಿಳಿಯಿತು, ಮುಖಭಾವ ಕಾಣಲಿಲ್ಲ.

ಮುಂದಿನ ಭಾನುವಾರ ಊಟವಾದ ಮೇಲೆ ಅವಳು ನನ್ನನ್ನು ತಮ್ಮ ಮನೆಯ ಬಾಲ್ಕನಿಗೆ ಕರೆದಳು. ತಾತ ಒಳಗೆ ನಿದ್ದೆ ಹೋಗಿದ್ದರು, ಮಗಳು ಅಡುಗೆಮನೆಯಲ್ಲಿದ್ದಳು. ಹೊಸ ರೋಲು ಹಾಕಿದ್ದೇನೆ, ಆ ತುಳಸಿ ಕುಂಡದ ಮೇಲೆ ಫೋಕಸ್ ಮಾಡಿದ್ದೇನೆ, ಸರಿಯಿದೆಯಾ ನೋಡಿ ಹೇಳಿ ಎಂದು ಕ್ಯಾಮೆರಾವನ್ನು ನನ್ನ ಕಣ್ಣಿಗೆ ತಾನೇ ಹಿಡಿದಳು. ನಾನು ಎಡಗಣ್ಣು ಮುಚ್ಚಿದೆ.

“ಎರಡು ಹಾಫ್ ಸೇರಿದ್ಯಾ ಅಜ್ಜೀ?”

“ಸೇರಿದೆ.”

“ಪೂರ್ತಿ?”

“ಪೂರ್ತಿ ಸೇರಿದೆ ಕಣೇ. ಚೆನ್ನಾಗಿ ಕಲಿತುಬಿಟ್ಟೆ ನೀನು.”

ಅವಳು ಕ್ಯಾಮೆರಾ ಕೆಳಗಿಳಿಸಲಿಲ್ಲ. ಬಹಳ ಮೆಲ್ಲಗೆ ಹೇಳಿದಳು: “ಅಜ್ಜೀ, ನಾನು ಲೆನ್ಸ್ ಮೇಲಿನ ಕವರೇ ತೆಗೆದಿಲ್ಲ.”

ಬಾಲ್ಕನಿಯ ಕಟಕಟೆಯನ್ನು ಹಿಡಿದುಕೊಂಡೆ. ಕಿಂಡಿ ಪೂರ್ತಿ ಕಪ್ಪಿತ್ತು, ನಿಜ. ಆ ಕಪ್ಪನ್ನು ನಾನು ಕಂಡಿದ್ದೆ. ಕಂಡು, ಇವತ್ತು ನನ್ನ ಕಣ್ಣು ಇಷ್ಟಕ್ಕೆ ಬಂತೆಂದು ಒಳಗೇ ನಡುಗಿ, ಅದನ್ನೂ ಮುಚ್ಚಿಡಲು ಹೋಗಿ ‘ಸೇರಿದೆ’ ಎಂದಿದ್ದೆ. ನನಗೆ ಅಳು ಬಂತು. ಮೊಮ್ಮಗಳ ಮುಂದೆ, ಮಗಳಿಗೆ ಕೇಳದ ಹಾಗೆ, ಅತ್ತುಬಿಟ್ಟೆ. ಅಮ್ಮನ ಕಣ್ಣಿನ ಕತೆಯನ್ನೂ ಹೇಳಿದೆ. ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೇಳಿದಳು. ಆ ಹುಡುಗಿ ಕನ್ನಡದಲ್ಲಿ ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಅಜ್ಜೀ, ನೀವು ನನಗೆ ಏನು ಹೇಳಿಕೊಟ್ರಿ? ಒಳಗೆ ಏನಿದೆ ಗೊತ್ತಾಗಲ್ಲ, ಆದ್ರೂ ಒತ್ತಬೇಕು, ಆಮೇಲೆ ಕಾಯಬೇಕು ಅಂತ. ನನಗೂ ಡರ್ ಆಗ್ತಿತ್ತು, ರೋಲ್ ಪೂರಾ ಹಾಳಾದ್ರೆ ಅಂತ. ನೀವು ಪಕ್ಕದಲ್ಲಿ ನಿಂತಿದ್ರಿ. ಈಗ ನಾನು ನಿಲ್ತೀನಿ. ಚಲೋ, ಡಾಕ್ಟರ್ ಹತ್ರ ಹೋಗೋಣ. ಮಮ್ಮಿಗೆ ನಾನು ಹೇಳ್ತೀನಿ.”

ನಾನು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದೆ.

ಡಾಕ್ಟರು ನನ್ನ ಮಗಳಿಗಿಂತ ಚಿಕ್ಕವರು. ಪೊರೆ ಬಲಗಣ್ಣಿಗೆ ಚೆನ್ನಾಗಿ ಬಲಿತಿದೆ, ಎಡಗಣ್ಣಿಗೆ ಶುರುವಾಗಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಫೋಟೋ ತೆಗೆಯುತ್ತಿದ್ದೆ ಎಂದೆ. ಅವರು ತಮಾಷೆ ಎಂದುಕೊಂಡರು. ಆಪರೇಷನ್ನಿನ ದಿನ ಬಾಗಿಲಿನವರೆಗೂ ಮೈತ್ರಿ ಕೈ ಹಿಡಿದು ಬಂದಳು. ಆಚೆ ತಾತ ಎಂದಿನಂತೆ ಸೆಟೆದು ನಿಂತಿದ್ದರಂತೆ, ಯಾರು ಕುರ್ಚಿ ಕೊಟ್ಟರೂ ಕೂರಲಿಲ್ಲವಂತೆ. ಮನೆಗೆ ಬಂದ ಮೇಲೆ ಕಣ್ಣಿಗೆ ಹನಿ ಬಿಡುವ ಹೊಣೆಯನ್ನು ಚಿನ್ಮಯ ಫೋನಿನ ಮೂಲಕ ವಹಿಸಿಕೊಂಡ. ಹೊತ್ತು ಹೊತ್ತಿಗೆ ಕರೆಮಾಡಿ, “ಅಜ್ಜೀ, ಡಾಲಾ ಕ್ಯಾ?” ಎಂದು ಗದರುತ್ತಿದ್ದ. ನನ್ನ ಭಾಷಣ ರದ್ದಾಯಿತು. ಮೋಡದ ಚಿತ್ರ ಮಾತ್ರ ಕಾಲೇಜಿನ ಗೋಡೆಯ ಮೇಲೆ ತೂಗಿತು. ಅದರ ಕಾರಣವನ್ನು ಮೈತ್ರಿ ಯಾರಿಗೂ ಹೇಳಿಲ್ಲವೆಂದು ನಂಬಿದ್ದೇನೆ.

ಡಾಕ್ಟರು ಸರಿಯೆಂದ ಮೇಲೆ, ಏಪ್ರಿಲ್ಲಿನ ಒಂದು ಭಾನುವಾರ, ಮಕ್ಕಳಿಬ್ಬರೂ ಘಾಜಿಯಾಬಾದಿಗೆ ಬಂದರು. ಮೈತ್ರಿ ಕ್ಯಾಮೆರಾ ಕೊಟ್ಟು, ಈ ಸಲ ಲೆನ್ಸಿನ ಕವರನ್ನು ನನಗೆ ತೋರಿಸಿಯೇ ತೆಗೆದಿಟ್ಟಳು. ತಾತನನ್ನು ಬಾಲ್ಕನಿಯಲ್ಲಿ ನಿಲ್ಲಿಸಿದರು. ನಾನು ಬಲಗಣ್ಣನ್ನು ಕಿಂಡಿಗಿಟ್ಟೆ. ವೃತ್ತ ಕಂಡಿತು. ಗೆರೆ ಕಂಡಿತು. ಗೆರೆಯ ಮೇಲೊಂದು ಹಣೆ, ಕೆಳಗೊಂದು ಗಲ್ಲ. ಬಳೆ ತಿರುಗಿಸಿದೆ, ಎರಡೂ ಜರುಗಿ ಕೂಡಿಕೊಂಡವು.

ಅಯ್ಯೋ, ಈ ಮನುಷ್ಯ ಇಷ್ಟು ಮುದುಕನಾದದ್ದು ಯಾವಾಗ? ಹುಬ್ಬಿನಲ್ಲಿ ಒಂದು ಕಪ್ಪು ಕೂದಲಿಲ್ಲ. ಕೆನ್ನೆ ಒಳಗೆ ಹೋಗಿದೆ, ಕುತ್ತಿಗೆಯ ಚರ್ಮ ಅಂಗಿಯ ಕಾಲರಿನೊಳಗೆ ಸಡಿಲವಾಗಿ ಇಳಿದಿದೆ. ನೆಟ್ಟಗೆ ನಿಲ್ಲಲು ಅವರು ಒಂದು ಕೈಯಲ್ಲಿ ಕಟಕಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಎರಡು ವರ್ಷ ದಿನವೂ ಎದುರಿಗೆ ಕೂತು ಊಟ ಮಾಡಿದ್ದೇನೆ. ಇದೆಲ್ಲ ನನಗೆ ಗೊತ್ತಾಗದೆ, ಕೆನೆಯ ಆಚೆಗೆ, ಒಬ್ಬರೇ ಮಾಡಿಕೊಂಡು ಬಂದಿದ್ದಾರೆ.

“ಆಯ್ತೇನೇ?” ಎಂದರು ಅವರು, ತುಟಿ ಅಲ್ಲಾಡಿಸದೆ.

“ಇಲ್ಲ. ಸ್ವಲ್ಪ ಹಾಗೇ ಇರಿ.”

“ಅಜ್ಜೀ, ಫೋಕಸ್ ಆಗ್ತಾ ಇಲ್ವಾ?” ಮೈತ್ರಿ ಗಾಬರಿಯಿಂದ ಪಕ್ಕಕ್ಕೆ ಬಂದಳು.

ಫೋಕಸ್ ಆಗಿ ಎಷ್ಟೋ ಹೊತ್ತಾಗಿತ್ತು. ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಅವರನ್ನು ನೋಡುತ್ತಲೇ ಇದ್ದೆ.